ಪೇಂಟರಣ್ಣನ ಗಂಟು

ಹಗ್ಗ ಗಿಡ್ಡವಾದರೆ ನಾವೇನು ಮಾಡುತ್ತೇವೆ? ಕೈಗೆ ಸಿಕ್ಕಿದ ಇನ್ನೊಂದನ್ನು ತಂದು ಗಂಟು ಹಾಕುತ್ತೇವೆ. ನಮ್ಮ ಓಣಿಯ ಪೇಂಟರಣ್ಣನೂ ಅಷ್ಟೇ ಮಾಡಿದ್ದು. ದಪ್ಪ ಹತ್ತಿ ಹಗ್ಗಕ್ಕೆ ನುಣುಪಾದ ಪ್ಲಾಸ್ಟಿಕ್ ಹಗ್ಗ ಸೇರಿಸಿ, ಸೊಂಟಕ್ಕೆ ಕಟ್ಟಿಕೊಂಡು, ಎತ್ತರದ ಗೋಡೆಗೆ ಬಣ್ಣ ಬಳಿಯಲು ಮೇಲಿನಿಂದ ಇಳಿದ. ಗಂಟು ಜಾರಿತು. ಮನುಷ್ಯ ಉಳಿಯಲಿಲ್ಲ.

ತಿಂಗಳೂ ತುಂಬಿಲ್ಲ, ಅರ್ಧಕ್ಕೆ ನಿಂತ ಅದೇ ಗೋಡೆಗೆ ಅವನ ತಮ್ಮ ಹೊರಟ. ಹಗ್ಗ ಮಾರುವ ನನ್ನ ಅಂಗಡಿಗೆ ಬಂದು ತುಂಡು ಹಗ್ಗ ಕೇಳಿದ. ಹಿಂದೆಯೇ ಅವನ ಅತ್ತಿಗೆ, ಪೇಂಟರಣ್ಣನ ಹೆಂಡತಿ, ಓಡಿಬಂದಳು.

"ತುಂಡು ಯಾಕೋ?" ಅಂದೆ.

"ಇರೋದಕ್ಕೆ ಸೇರಿಸ್ತೀನಕ್ಕ. ಗಂಟು ಎರಡು ಜಾಸ್ತಿ ಹಾಕಿದ್ರಾಯ್ತು. ಅಣ್ಣನ ಹಣೇಲಿ ಬರೆದಿತ್ತು, ಹೋದ."

"ಹಣೇಲಿ ಬರೆದಿತ್ತಂತೆ! ನಿಮ್ಮಣ್ಣ ಹಾಕಿದ ಗಂಟನ್ನೇ ಹಾಕು, ನೋಡೋಣ."

ಅಂಥವೇ ಎರಡು ತುಂಡು ಕೊಟ್ಟೆ, ಹಾಕಿದ. ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಅತ್ತಿಗೆಯ ಕೈಗೆ ಕೊಟ್ಟೆ. ಅವಳು ಜಗ್ಗಿದಳು, ಬಿಟ್ಟಳು, ಮತ್ತೆ ಜಗ್ಗಿದಳು. ಪ್ಲಾಸ್ಟಿಕ್ ತುದಿ ಚೂರುಚೂರೇ ಒಳಗೆ ಸರಿದು ಗಂಟು ಬಿಚ್ಚಿಹೋಯಿತು. ಅವಳು ಹಿಂದಕ್ಕೆ ಬಿದ್ದು ಕೂತಳು.

"ಇಷ್ಟೇನಾ ಅಕ್ಕ? ಇಷ್ಟಕ್ಕೇ ಹೋಗ್ಬಿಟ್ರಾ?"

ಕೈಹಿಡಿದು ಅವಳನ್ನು ಎಬ್ಬಿಸಿದೆ. ನನ್ನ ಸಂಕಟವೆಲ್ಲ ತಮ್ಮನ ಮೇಲೆ ತಿರುಗಿತು. "ಅವತ್ತು ಪಕ್ಕದಲ್ಲೇ ಇದ್ದೆಯಲ್ಲೋ, ಒಂದ್ಸಲ ಜಗ್ಗಿ ನೋಡೋಕೆ ಏನಾಗಿತ್ತು?"

"ಇಳಿಯೋನ ಗಂಟನ್ನ ಇನ್ನೊಬ್ರು ಮುಟ್ಟಬಾರ್ದಕ್ಕ. ನಮ್ಮ ಕೆಲಸದಲ್ಲಿ ಅದು ಅವನಿಗೆ ಅವಮಾನ."

ಬೆಂಕಿ ಬೀಳಲಿ ಆ ಮರ್ಯಾದೆಗೆ! ನಾನು ದಪ್ಪ ಹಗ್ಗದ ತುದಿಯನ್ನು ಮಡಚಿದೆ. ಸಣ್ಣ ಪ್ಲಾಸ್ಟಿಕ್ ಹಗ್ಗವನ್ನು ಕೆಳಗಿನಿಂದ ಆ ಮಡಿಕೆಯೊಳಗೆ ತೂರಿಸಿ, ಮಡಿಕೆಯ ಎರಡೂ ಎಳೆಗಳ ಹಿಂದಿನಿಂದ ಎರಡು ಸುತ್ತು ತಂದು, ಎರಡು ಸಲವೂ ಅದರದೇ ಎಳೆಯ ಅಡಿಗೆ ನುಸುಳಿಸಿದೆ. ಗೇಣುದ್ದ ತುದಿ ಬಿಟ್ಟು ಬಿಗಿದೆ.

"ಇದು ಬಣ್ಣದ ಡಬ್ಬ ಇಳಿಸೋಕೆ ಮಾತ್ರ. ಮನುಷ್ಯ ಇಳಿಯೋಕೆ ಸೇರಿಸಿದ ಹಗ್ಗವೇ ಬೇಡ. ತುಂಡಿಲ್ಲದ ಒಂದೇ ಹಗ್ಗ ಬೇಕು. ಅದು ಕೈಕೊಟ್ರೆ ಹಿಡಿಯೋಕೆ, ಬೇರೆ ಕಡೆ ಕಟ್ಟಿದ ಇನ್ನೊಂದು."

"ಅಷ್ಟುದ್ದದ್ದು ಇಲ್ವಲ್ಲಕ್ಕ."

"ಕೆಲಸ ಕೊಟ್ಟ ಮೇಸ್ತ್ರಿ ತರಿಸಲಿ. ಅಲ್ಲೀವರೆಗೂ ಇಳೀಬೇಡ."

ಅವನು ನಾನು ಹಾಕಿದ್ದನ್ನು ಬಿಚ್ಚಿ ನೋಡಿದ. ಆಮೇಲೆ ಹೊಸ ಗಂಟನ್ನು ತಾನೇ ಹಾಕಿ ಚಾಚಿದ. "ಅತ್ತಿಗೆ, ಮುಟ್ಟಿ ನೋಡಿ."

ಅವಳು ಮೈಭಾರವನ್ನೆಲ್ಲ ಹಾಕಿ ಜಗ್ಗಿದಳು. ಗಂಟು ಅಲುಗಲಿಲ್ಲ. ಅದನ್ನೇ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಓದುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಜೊತೆಗಾರನ ಗಂಟನ್ನು ಮುಟ್ಟಿ, ಜಗ್ಗಿ ನೋಡಿ. ಅವಮಾನವಾದರೆ ಆಗಲಿ. ಸಂಜೆ ಮನೆಗೆ ಬಂದು ನಿಮ್ಮ ಮೇಲೆ ರೇಗಾಡುತ್ತಾನೆ, ರೇಗಾಡಲಿ. ಪೇಂಟರಣ್ಣನ ಮನೆಯಲ್ಲಿ ರೇಗಾಡುವುದಕ್ಕೂ ಅವನಿಲ್ಲ.