ಬಾಗದ ಆರ್ಮ್

ಕೆಲಸದ ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಗಟ್ಟಿರಾಯ ಎಂದೇ ಕರೆಯುತ್ತಿದ್ದರು. ಸ್ಟೂಲಿನ ಕಾಲು ಅಲುಗಾಡಿದರೆ ಕಬ್ಬಿಣದ ಪಟ್ಟಿ ಹೊಡೆಯುವವನು, ಛತ್ರಿಯ ಹಿಡಿಗೂ ಬೋಲ್ಟು ಬಿಗಿಯುವವನು. ಬಾಗುವ ವಸ್ತು ಕಂಡರೆ ಸಾಕು, ಅವನ ಮೈಯೆಲ್ಲ ಉರಿಯುತ್ತಿತ್ತು.

ಅವನ ಭಾವನಿಗೆ ರಿಮೋಟ್ ಟ್ರಕ್ ರೇಸಿನ ಹುಚ್ಚು. ಆಟಿಕೆ ಎಂದು ಮೂಗು ಮುರಿಯಬೇಡಿ. ಪೆಟ್ರೋಲ್ ಕುಡಿಯುವ ಆ ಟ್ರಕ್ಕನ್ನು ಎತ್ತಲು ಎರಡೂ ಕೈ ಬೇಕು, ಓಡಿತೆಂದರೆ ಸ್ಕೂಟರನ್ನು ಹಿಂದೆ ಹಾಕುತ್ತದೆ. ಮುಂದಿನ ಚಕ್ರವನ್ನು ಹಿಡಿದಿಡುವ ಅದರ ಪ್ಲಾಸ್ಟಿಕ್ ಆರ್ಮ್ ಪ್ರತಿ ರೇಸಿನಲ್ಲೂ ಕೈಕೊಡುತ್ತಿತ್ತು. ಗಟ್ಟಿರಾಯ ಅಲ್ಯೂಮಿನಿಯಂ ದಿಮ್ಮಿಯಿಂದ ಹೊಸದೊಂದು ಕೊರೆದುಕೊಟ್ಟ. ಅದು ಮುರಿಯಲಿಲ್ಲ, ಆದರೆ ಅದು ಕೂರುವ ಬ್ರಾಕೆಟ್ ಸೀಳಿತು. ಬ್ರಾಕೆಟ್ಟನ್ನೂ ಅಲ್ಯೂಮಿನಿಯಂನಲ್ಲೇ ಮಾಡಿದ. ಆಗ ಎರಡನ್ನೂ ಜೋಡಿಸುವ ಪಿನ್ನು ಬಾಗಿತು. ಅದಕ್ಕೆ ಉಕ್ಕಿನ ಪಿನ್ನು ಜಡಿದ.

"ಒಂದನ್ನ ಗಟ್ಟಿ ಮಾಡಿದ್ರೆ ಪಕ್ಕದ್ದು ಮುರಿಯುತ್ತೆ," ಎಂದು ಅಕ್ಕ ನಕ್ಕಳು. "ಮುಂದಿನ ಸರದಿ ಯಾರದಪ್ಪಾ?"

ಅಕ್ಕ ರೇಸಿನಲ್ಲಿ ತಿರುವಿನ ಬಳಿ ನಿಂತು, ಮಗುಚಿದ ಟ್ರಕ್ಕುಗಳನ್ನು ನೆಟ್ಟಗೆ ಮಾಡುವವಳು. ಗಂಡನ ಹುಚ್ಚಿನಲ್ಲಿ ಅವಳ ಪಾಲು ಅದು.

ರೇಸಿನ ದಿನ, ಶುರುವಾಗುವ ಮೊದಲಿನ ಅಭ್ಯಾಸದ ಓಟದಲ್ಲಿ ಟ್ರಕ್ಕು ದಾರಿಯ ಅಂಚಿಗೆ ಹಾಕಿದ್ದ ಪೈಪಿಗೆ ಬಡಿಯಿತು. ಗಟ್ಟಿರಾಯ ಅದನ್ನು ಮೇಜಿನ ಮೇಲಿಟ್ಟು ಸವರಿದ. ಆರ್ಮಿಗೆ ಏನೂ ಆಗಿರಲಿಲ್ಲ. ಸುಮ್ಮನೆ ಚಕ್ರವನ್ನು ಕೈಯಲ್ಲಿ ಅತ್ತಿತ್ತ ತಿರುಗಿಸಿದ. ಸ್ಟೀರಿಂಗ್ ಮೋಟರಿನ ಒಳಗೆಲ್ಲೋ ಕಟಕಟ ಎಂದಿತು.

ಅವನು ಮತ್ತೊಮ್ಮೆ ತಿರುಗಿಸಿ ಕಿವಿಗೊಟ್ಟ. ಅದು ಗೇರಿನ ಹಲ್ಲು ಉದುರುವ ಸದ್ದು. ಮೊದಲೆಲ್ಲ ಪ್ಲಾಸ್ಟಿಕ್ ಆರ್ಮ್ ತಾನು ಬಾಗಿ, ತಾನು ಮುರಿದು, ಪೆಟ್ಟನ್ನು ಅಲ್ಲೇ ನುಂಗಿಕೊಳ್ಳುತ್ತಿತ್ತು. ಈಗ ಬಿದ್ದ ಪೆಟ್ಟೆಲ್ಲ ನೇರವಾಗಿ ಒಳಕ್ಕೆ ಹೋಗುತ್ತಿದೆ. ಆರ್ಮ್ ಮುರಿದರೆ ಟ್ರಕ್ಕು ನಿಂತಲ್ಲೇ ಕುಸಿಯುತ್ತಿತ್ತು. ಈ ಹಲ್ಲು ಮುರಿದರೆ ಟ್ರಕ್ಕು ನಿಲ್ಲುವುದಿಲ್ಲ, ತಿರುಗಿಸಿದರೆ ಮಾತ್ರ ಮಾತು ಕೇಳುವುದಿಲ್ಲ.

"ಭಾವ, ಇವತ್ತೊಂದಿನ ಹಳೇ ಪ್ಲಾಸ್ಟಿಕ್ಕೇ ಹಾಕೋಣ," ಎಂದ.

"ತಲೆ ಕೆಟ್ಟಿದೆಯೇನೋ? ನಿನ್ನ ಆರ್ಮ್ ನೋಡೋಕೇ ಇಷ್ಟು ಜನ ಬಂದಿದ್ದಾರೆ. ಎಲ್ಲರೆದುರು ನೀನೇ ಬಿಚ್ಚಿಸ್ತೀಯಾ?"

ಮಾತು ನಾಟಬೇಕಾದ ಕಡೆಯೇ ನಾಟಿತು. ತಮಗೂ ಬೇಕೆಂದು ಆಗಲೇ ಕೆಲವರು ಅವನ ಹಿಂದೆ ಬಿದ್ದಿದ್ದರು. ಕಟಕಟ ಸದ್ದಿನ ವಿಷಯವನ್ನು ಗಟ್ಟಿರಾಯ ನುಂಗಿಕೊಂಡ. ಅಕ್ಕನನ್ನಾದರೂ ಬೇಲಿಯ ಆಚೆ ನಿಲ್ಲಿಸೋಣ ಎಂದು ತಿರುವಿನ ಕಡೆ ಹೊರಟ. ದಾರಿಯಲ್ಲಿ ಒಬ್ಬ ಭುಜ ಹಿಡಿದು ನಿಲ್ಲಿಸಿ ಆರ್ಮನ್ನು ಹೊಗಳಿದ. ಹೊಗಳಿಕೆ ಯಾರಿಗೆ ಬೇಡ? ಇವನೂ ನಿಂತ. ಅಷ್ಟರಲ್ಲಿ ರೇಸ್ ಶುರುವಿನ ಬಾವುಟ ಬಿತ್ತು.

"ಅಕ್ಕಾ, ಈಚೆ ಬಾ!"

ಎಂಜಿನ್ನುಗಳ ಗದ್ದಲದಲ್ಲಿ ಅವಳಿಗೆ ಕೇಳಿಸಲಿಲ್ಲ. ತಮ್ಮ ಏನೋ ಹುರುಪಿನಿಂದ ಕೂಗುತ್ತಿದ್ದಾನೆ ಎಂದುಕೊಂಡು ಕೈಬೀಸಿದಳು.

ಭಾವನ ಟ್ರಕ್ಕಿನ ಮುಂದಿನ ಚಕ್ರ ತಿರುವಿನ ಬಾಯಲ್ಲಿದ್ದ ಪೈಪಿಗೆ ಅಪ್ಪಳಿಸಿತು. ಹಳೆಯ ಆರ್ಮ್ ಆಗಿದ್ದರೆ ಅಲ್ಲೇ ಮುರಿದು, ಟ್ರಕ್ಕು ಮಣ್ಣಿಗೆ ಮೂಗು ತುರುಕಿಕೊಂಡು ಕೂರುತ್ತಿತ್ತು. ಇದು ಬಾಗಲಿಲ್ಲ. ಟ್ರಕ್ಕು ಚಿಮ್ಮಿ, ನಾಲ್ಕೂ ಚಕ್ರದ ಮೇಲೆ ಇಳಿದು, ಹಾಗೇ ನುಗ್ಗಿತು. ಭಾವ ರಿಮೋಟನ್ನು ಎಷ್ಟು ತಿರುಗಿಸಿದರೂ ಚಕ್ರಗಳು ಪಕ್ಕಕ್ಕೆ ಹೊರಳಲಿಲ್ಲ. ಅವನು ಬ್ರೇಕ್ ಒತ್ತುವಷ್ಟರಲ್ಲಿ ಅದು ಅಕ್ಕನ ಮೊಣಕಾಲಿನ ಕೆಳಗೆ ಬಡಿದಿತ್ತು. ಒಣಕಟ್ಟಿಗೆ ಲಟಕ್ಕೆಂದಂತೆ ಕೇಳಿಸಿತು.

ಗಟ್ಟಿರಾಯ ಓಡಿಬಂದು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಅವಳ ಮುಖ ಬಿಳಿಚಿತ್ತು, ಕಾಲು ಮಡಚಬಾರದ ಕಡೆ ಮಡಚಿಕೊಂಡಿತ್ತು.

"ಗೊತ್ತಿತ್ತು ಅಕ್ಕ, ನನಗೆ ಗೊತ್ತಿತ್ತು," ಎಂದು ಬಿಕ್ಕಿದ. ಅವಳು ಅವನನ್ನೇ ನೋಡುತ್ತಾ, ಹಿಡಿದಿದ್ದ ಅವನ ಅಂಗಿಯನ್ನು ಮೆಲ್ಲಗೆ ಬಿಟ್ಟಳು.

ಅವನ ಬೆನ್ನ ಹಿಂದೆ ಯಾರೋ ಟ್ರಕ್ಕನ್ನು ಎತ್ತಿ, ಮಣ್ಣು ಒರೆಸಿ, ಆರ್ಮಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು.

"ಒಂದು ಗೀರೂ ಬಿದ್ದಿಲ್ಲ ನೋಡಿ. ನನಗೂ ಇಂಥದ್ದೇ ಒಂದು ಜೊತೆ ಮಾಡಿಕೊಡ್ತೀರಾ?"