ಸೀಲ್ ಕಚ್ಚಿದರೂ ಸೂಜಿ ಬೇಕೇ?

"ಕಾಲಿಗೆ ಏನಾಯ್ತು ರೀ?" ಎಂದು ಮೈಥಿಲಿ ಕೇಳಿದಾಗಲೆಲ್ಲ ಉಮಾಶಂಕರ್ ಒಂದೇ ಉತ್ತರ ಕೊಡುತ್ತಿದ್ದರು: "ಹೊಸ ಶೂ ಕಚ್ಚಿದೆ ಅಷ್ಟೆ. ತಾನಾಗೇ ಹೋಗುತ್ತೆ ಬಿಡು."

ಗಂಡಸರ ಕಾಲುನೋವು ಎಲ್ಲ ಮನೆಯಲ್ಲೂ ಹೀಗೇ. ಡಾಕ್ಟರ ಹೆಸರೆತ್ತಿದರೆ ಸಾಕು, ನೋವೇ ಇಲ್ಲ ಎನ್ನುತ್ತಾರೆ. ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿದ್ದ ಈ ದಂಪತಿಯ ಮಗಳು ಹರ್ಷಿತಾ ಕೇಪ್‌ಟೌನಿನಲ್ಲಿ ಓದುತ್ತಿದ್ದಳು. ಅವಳನ್ನು ನೋಡಿಕೊಂಡು ಉಮಾಶಂಕರ್ ಹಿಂದಿನ ವಾರವಷ್ಟೇ ಮರಳಿದ್ದರು. ಬಂದಾಗಿನಿಂದ ಹಿಮ್ಮಡಿಯ ಮೇಲೊಂದು ಪಟ್ಟಿ.

ಹರ್ಷಿತಾ ರಜೆ ಬಂದರೆ ಸ್ವಯಂಸೇವಕರ ಜೊತೆ ಕಡಲತೀರಕ್ಕೆ ಹೋಗುತ್ತಿದ್ದಳು. ಅಲ್ಲಿ ಸೀಲ್‌ಗಳ ಮೇಲೆ ಕಣ್ಣಿಡುವುದು ಅವರ ಕೆಲಸ. ಸೀಲ್ ಎಂದರೆ ಬಂಡೆಗಳ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತ ಮಲಗುವ, ಮೀಸೆಯುಳ್ಳ ಕಡಲ ಪ್ರಾಣಿ. ಯಾವುದಕ್ಕೆ ಗಾಯವಾಗಿದೆ, ಯಾವುದು ಸೊರಗಿದೆ, ಯಾವುದು ವಿಚಿತ್ರವಾಗಿ ಆಡುತ್ತಿದೆ ಎಂದು ದೂರದಿಂದಲೇ ನೋಡಿ ಪಶುವೈದ್ಯರಿಗೆ ತಿಳಿಸುತ್ತಿದ್ದರು. "ಸಂಬಳವಿಲ್ಲದ ಕಾವಲು" ಎಂದು ಅಪ್ಪ ನಗುತ್ತಿದ್ದರು.

ಒಂದು ಸಂಜೆ ಮೈಥಿಲಿ ಚಪಾತಿ ಹಿಟ್ಟು ಕಲಸುತ್ತಿದ್ದಾಗ ಮಗಳ ಫೋನ್ ಬಂತು.

"ಅಮ್ಮಾ, ಅಪ್ಪಂಗೆ ಇಲ್ಲಿ ಸೀಲ್ ಏನಾದ್ರೂ ಕಚ್ಚಿತಾ? ಪ್ಲೀಸ್, ಕೇಳು."

"ಸೀಲಾ? ಯಾಕೆ ಪುಟ್ಟಾ?"

"ಒಂದು ಸೀಲ್ ವಿಯರ್ಡ್ ಆಗಿ ಬಿಹೇವ್ ಮಾಡ್ತಿತ್ತು. ನಮ್ಮ ಟೀಮ್ ಅದನ್ನೇ ವಾಚ್ ಮಾಡ್ತಿತ್ತು. ಈಗ ಸತ್ತುಹೋಯ್ತು, ಟೆಸ್ಟಲ್ಲಿ ರೇಬಿಸ್ ಬಂದಿದೆ! ಅದು ಒಬ್ಬರ ಕಾಲಿಗೆ ಬಾಯಿ ಹಾಕಿದ್ದನ್ನ ನನ್ನ ಫ್ರೆಂಡ್ ಮೇಘಾ ದೂರದಿಂದ ನೋಡಿದಾಳೆ. ಕೂಗಿದ್ರೂ ನಿಲ್ಲದೆ ಹೋಗ್ಬಿಟ್ರಂತೆ. ಮರೂನ್ ಮಂಕಿ ಕ್ಯಾಪ್ ಹಾಕಿದ್ರಂತೆ. ಇಲ್ಲಿ ಅಪ್ಪನ್ನ ಬಿಟ್ರೆ ಮಂಕಿ ಕ್ಯಾಪ್ ಯಾರು ಹಾಕ್ತಾರೆ ಅಮ್ಮಾ?"

ಮೈಥಿಲಿ ಫೋನಿಟ್ಟರು. ಹಿಟ್ಟಿನ ಕೈಯಲ್ಲೇ ಗಂಡ ಕೂತಿದ್ದ ನಡುಮನೆಗೆ ಬಂದರು.

"ಕಚ್ಚಿದ್ದು ಶೂ ಅಲ್ಲ ತಾನೇ? ನಿಜ ಹೇಳಿ."

ಉಮಾಶಂಕರ್ ಮುಖ ಸಣ್ಣದಾಯಿತು. "ವಾಕಿಂಗ್ ಹೋಗಿದ್ದೆ. ಹತ್ತಿರದಿಂದ ಒಂದು ಫೋಟೋ ತೆಗೆಯೋಣ ಅಂತ... ಮಗಳು ಬೈತಾಳೆ ಅಂತ ಹೇಳಲಿಲ್ಲ. ಆದ್ರೂ ರೇಬಿಸ್ ಬರೋಕೆ ಅದೇನು ನಾಯೀನಾ? ಗಾಯ ಆಗ್ಲೇ ಒಣಗಿದೆ."

ಮೈಥಿಲಿ ವಾದಕ್ಕೆ ನಿಲ್ಲಲಿಲ್ಲ. ಮೇಲಿನ ಮಹಡಿಗೆ ಓಡಿ ಡಾಕ್ಟರ್ ಸಿಲ್ವಿಯಾರನ್ನು ಕರೆತಂದರು. ಮಂಗಳೂರಿನ ಸಿಲ್ವಿಯಾ ನೈರೋಬಿಯಲ್ಲಿ ನೆಲೆಸಿ ಬಹಳ ಕಾಲವಾಗಿತ್ತು.

"ಗಾಯ ಒಣಗಿದರೆ ವೈರಸ್ ಹೋಯಿತು ಅಂತ ಅಲ್ಲ ಮಾರಾಯ್ರೇ," ಎಂದರು ಸಿಲ್ವಿಯಾ. "ನಾಯಿ, ಬೆಕ್ಕು, ನರಿ, ಸೀಲ್, ಹಾಲೂಡಿಸುವ ಯಾವ ಪ್ರಾಣಿಗೂ ರೇಬಿಸ್ ಬರಬಹುದು. ರೋಗದ ಲಕ್ಷಣ ಶುರುವಾದ ಮೇಲೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಅದಕ್ಕೆ ಮುಂಚೆ ಲಸಿಕೆ ತಗೊಂಡರೆ ತಡೆಯಬಹುದು."

"ಇಷ್ಟು ದಿನ ಆಗೋಯ್ತಲ್ಲ ಡಾಕ್ಟ್ರೇ. ಇನ್ನು ಹಾಕಿಸ್ಕೊಂಡು ಏನುಪಯೋಗ?" ಉಮಾಶಂಕರ್ ಕಾಲಿನ ಪಟ್ಟಿ ಬಿಚ್ಚುತ್ತ ಕೇಳಿದರು.

"ಲಕ್ಷಣ ಇಲ್ಲವಲ್ಲ, ತಡವಾದರೂ ತಗೊಳ್ಳಲೇಬೇಕು. ತಡವಾಯ್ತು ಅಂತ ಕೂತರೆ ಅದೇ ದೊಡ್ಡ ತಪ್ಪು. ಸೋಪು ಹಾಕಿ ನಲ್ಲಿ ನೀರಲ್ಲಿ ಕಾಲುಗಂಟೆ ತೊಳೆಯಿರಿ. ಕಚ್ಚಿದ ಕೂಡಲೇ ಮಾಡಬೇಕಿತ್ತು, ಈಗಲಾದರೂ ಮಾಡಿ. ಆಮೇಲೆ ನನ್ನ ಕಾರಲ್ಲೇ ಹೋಗುವ."

ಸಂಜೆಯ ಟ್ರಾಫಿಕ್ಕಿನಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನುಗಳ ನಡುವೆ ಕಾರು ತೆವಳಿತು. ಹಿಂದಿನ ಸೀಟಿನಲ್ಲಿ ಮೈಥಿಲಿ ಗಂಡನ ಕೈ ಬಿಡಲೇ ಇಲ್ಲ.

ಆಸ್ಪತ್ರೆಯಲ್ಲಿ ಗಾಯದ ಸುತ್ತ ಒಂದು ಔಷಧಿ ಚುಚ್ಚಿದರು, ತೋಳಿಗೆ ಲಸಿಕೆ ಹಾಕಿದರು. "ಸವಾ?" ಎಂದು ನರ್ಸ್ ಸ್ವಾಹಿಲಿಯಲ್ಲಿ, ಸರಿಯಿದ್ದೀರಾ ಎಂಬಂತೆ ಕೇಳಿದಾಗ ಉಮಾಶಂಕರ್ ಕಣ್ಣೊರೆಸಿಕೊಂಡು "ಅಸಾಂಟೆ" ಎಂದು ಥ್ಯಾಂಕ್ಸ್ ಹೇಳಿದರು. ಹೊರಗೆ ಬಂದ ಮೇಲೆ ಮೈಥಿಲಿಗೆ ಸರಾಗವಾಗಿ ಉಸಿರಾಡಿದಂತಾಯಿತು.

ಉಳಿದ ಡೋಸುಗಳನ್ನೂ ಅವರು ತಪ್ಪದೆ ಹಾಕಿಸಿಕೊಂಡರು. ತಿಂಗಳುಗಳು ಕಳೆದವು, ಏನೂ ಆಗಲಿಲ್ಲ. ಒಂದು ಭಾನುವಾರ ಮಗಳಿಗೆ ಫೋನ್ ಮಾಡಿದಾಗ ಮೈಥಿಲಿ ಜೊತೆಗಿದ್ದ ಮೇಘಾಳನ್ನೂ ಮಾತಾಡಿಸಿದರು. "ನೀನು ನೋಡಿರದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ ಕಣಮ್ಮ," ಎಂದರು. ನೈರೋಬಿಯ ಕಿಲೆಲೆಶ್ವಾ ಬಡಾವಣೆಯಲ್ಲಿ ಕನ್ನಡಿಗರು ಸೇರಿದಾಗ ಉಮಾಶಂಕರ್ ತಾವೇ ಎದ್ದು ನಿಂತು ಹೇಳಿದರು: "ನನ್ನ ಮಗಳ ಕೆಲಸವನ್ನ ತಮಾಷೆ ಮಾಡ್ತಿದ್ದೆ. ಆ ಹುಡುಗೀರು ಕಣ್ಣಿಟ್ಟಿದ್ದಕ್ಕೆ ನಾನಿವತ್ತು ನಿಮ್ಮ ಮುಂದಿದೀನಿ."

ಓದುತ್ತಿರುವ ಅಕ್ಕ, ಅಣ್ಣ, ಕಡಲತೀರಕ್ಕೋ ಕಾಡಿಗೋ ಹೋದಾಗ ಪ್ರಾಣಿಯನ್ನು ದೂರದಿಂದಲೇ ನೋಡಿ. ಅದು ಮಲಗಿದ್ದರೆ ಎಬ್ಬಿಸಬೇಡಿ, ಕಾಯಿಲೆ ಬಿದ್ದಂತೆ ಕಂಡರೆ ಮುಟ್ಟಬೇಡಿ, ಅಲ್ಲಿನ ಕಾವಲಿನವರಿಗೆ ತಿಳಿಸಿ. ಅವರು ಕೂಗಿದರೆ ನಿಂತು ಕೇಳಿ. ಅಕಸ್ಮಾತ್ ಕಚ್ಚಿದರೆ, ಪರಚಿದರೆ, ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ನಾಚಿಕೆಗೆ ಮುಚ್ಚಿಡಬೇಡಿ. ಮನೆಯವರ ಬೈಗುಳವನ್ನು ನಾಳೆ ಕೇಳಬಹುದು, ಲಸಿಕೆಯನ್ನು ಇವತ್ತೇ ಹಾಕಿಸಿಕೊಳ್ಳಿ.