ಗೇಟಿನ ಒಳಗೆ ನಮ್ಮ ದೇಶ

"ಏನ್ರೇ ಮುಂಡೇವಾ, ನೆಲ ಒರೆಸ್ತಿದ್ದೀರೋ, ನೆಲಕ್ಕೆ ನೀರು ತೋರಿಸ್ತಿದ್ದೀರೋ? ಪುಕ್ಕಟೆ ಅನ್ನ ತಿಂದೂ ತಿಂದೂ ಎಲ್ಲರಿಗೂ ಸೊಂಟ ಹಿಡ್ಕೊಂಡ್ಬಿಟ್ಟಿದೆ!"

ಹೀಗೆ ಕೂಗಿದವನು ಬೀಗದಕೈ. ನಮ್ಮ ದೇಶದ ರಾಯಭಾರ ಕಚೇರಿಯ ನೆಲಮಾಳಿಗೆಯಲ್ಲಿ, ಕೆಲಸದ ಮನೆಗಳಿಂದ ಓಡಿಬಂದ ಹೆಂಗಸರನ್ನು ಇರಿಸುವ ಕೋಣೆಯೊಂದಿದೆ. ಅದರ ಉಸ್ತುವಾರಿ ಅವನದು. ಸೊಂಟದಲ್ಲಿ ಸದಾ ಬೀಗದ ಕೈಗಳ ಗೊಂಚಲು ಗಲಗಲ ಅನ್ನುತ್ತಿದ್ದುದರಿಂದ ನಾವು ಅವನಿಗೆ ಆ ಹೆಸರಿಟ್ಟಿದ್ದೆವು. ಅವನು ನಮ್ಮ ಭಾಷೆಯವನೇ. ಬೈಗುಳ ಸರಿಯಾಗಿ ಅರ್ಥವಾಗಲಿ ಅಂತಲೇ ಅವನನ್ನು ಅಲ್ಲಿ ಇಟ್ಟಿರಬೇಕು ಎಂದು ನನ್ನ ಅನುಮಾನ.

ಮರುದಿನ ಊರಿನಿಂದ ಯಾರೋ ದೊಡ್ಡವರು ಕಚೇರಿ ನೋಡಲು ಬರುವವರಿದ್ದರು. ಬೆಳಗ್ಗೆ ಎದ್ದಾಗಿನಿಂದ ನಮಗೆ ಉಸಿರು ಬಿಡಲೂ ಪುರುಸೊತ್ತಿಲ್ಲ. ಮೆಟ್ಟಿಲು ತೊಳಿ, ಗಾಜು ಒರೆಸು, ಕಚೇರಿ ನಡೆಸುವ ಸಾಹೇಬರ ಹೆಂಡತಿಯ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚು. ಪರರ ಮನೆಯಲ್ಲಿ ಗೇದೂ ಗೇದೂ ಸಾಕಾಗಿ, ಗೋಡೆ ಹಾರಿ, ಬರಿಗಾಲಲ್ಲಿ ಓಡಿಬಂದವರು ನಾವು. ಇಲ್ಲೂ ಅದೇ ಬಕೆಟ್ಟು, ಅದೇ ಬಟ್ಟೆ. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಅನ್ನುತ್ತಾರಲ್ಲ, ಸಮುದ್ರ ದಾಟಿ ಬಂದ ಪಾಪಿಗಳಿಗೂ ಅಷ್ಟೇ. ಬೇಡ ಅಂದರೆ "ನಿನ್ನ ಫೈಲು ತಳಕ್ಕೆ ಹೋಗುತ್ತೆ" ಎಂದು ಬೀಗದಕೈ ಹೆದರಿಸುತ್ತಿದ್ದ. ಫೈಲು ತಳಕ್ಕೆ ಹೋದರೆ ನಾವು ಊರಿಗೆ ಹೋಗುವುದೂ ತಳಕ್ಕೇ ಹೋದಂತೆ.

ನಾನು ಬಂದ ದಿನ ಸಾಹೇಬರು ಎಲ್ಲರಿಗೂ ಹೇಳುವ ಮಾತನ್ನೇ ನನಗೂ ಹೇಳಿದ್ದರು. "ಹೆದರಬೇಡಮ್ಮ. ಈ ಗೇಟಿನ ಒಳಗೆ ನಮ್ಮ ದೇಶ. ಇಲ್ಲಿ ಯಾರೂ ನಿನ್ನನ್ನ ಮುಟ್ಟೋ ಹಾಗಿಲ್ಲ." ನಾನು ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದೆ. ಎರಡೇ ದಿನದಲ್ಲಿ ಗೊತ್ತಾಯಿತು, ನಮ್ಮ ದೇಶವೇ ಹೌದು. ಊಟಕ್ಕೆ ಬೇರೆ ತಟ್ಟೆ, ಓಡಾಡಲು ಹಿಂಬಾಗಿಲು.

ಕೊಕ್ಕರೆಯ ವಿಷಯ ಹೇಳಬೇಕು. ನಮ್ಮಲ್ಲೆಲ್ಲ ಚಿಕ್ಕವಳು ಅವಳು, ಮದುವೆ ಇನ್ನೂ ಆಗಿಲ್ಲ. ಸದಾ ನಿಂತೇ ಇರುತ್ತಿದ್ದಳು, ಅದಕ್ಕೇ ಆ ಹೆಸರು. ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತೇ ಉಣ್ಣುತ್ತಿದ್ದಳು. ಒಮ್ಮೊಮ್ಮೆ ನಾನು ಕೈ ಹಿಡಿದು ಕೂರಿಸಿದರೂ ಬೀಗದ ಕೈ ಗಲ್ ಅಂದದ್ದೇ ತಡ, ಪಟ್ಟನೆ ಎದ್ದುಬಿಡುತ್ತಿದ್ದಳು.

"ಮಂಡಿಗೆ ಸರಳು ಹೊಡೆಸ್ಕೊಂಡು ಬಂದಿದ್ದೀಯೇನೇ? ಕೂತ್ಕೊಳ್ಳೆ ತಾಯಿ, ನಿನ್ನ ನೋಡಿ ನನ್ನ ಕಾಲು ನೋಯ್ತಿದೆ."

"ಇರ್ಲಿ ಅಕ್ಕ. ಅಭ್ಯಾಸ."

ಅಭ್ಯಾಸ ಮಾಡಿಸಿದವಳು ಅವಳು ಕೆಲಸಕ್ಕಿದ್ದ ಮನೆಯ ಮೇಡಂ. ಆ ಮನೆಯಲ್ಲಿ ಮೇಡಂ ಎದುರಿಗೆ ಕೂತರೆ ಅಂದು ಊಟವಿಲ್ಲ. ಒಂದು ದಿನ ಜ್ವರದಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಾ ಹಾಕುತ್ತಾ ತಲೆ ಸುತ್ತಿ ಕೂತುಬಿಟ್ಟಳಂತೆ. ಮೇಡಂ ಬಂದವಳು ಅದೇ ಇಸ್ತ್ರಿಪೆಟ್ಟಿಗೆ ಎತ್ತಿ ಅವಳ ತೊಡೆಯ ಮೇಲಿಟ್ಟಳಂತೆ. ಆ ಗಾಯ ನಾನು ಕಣ್ಣಾರೆ ನೋಡಿದ್ದೇನೆ, ಮುಲಾಮು ಹಚ್ಚಿದ್ದೇನೆ.

"ಊರಿಗೆ ಹೋದ್ಮೇಲೆ ಏನ್ಮಾಡ್ತೀಯೆ?" ಎಂದು ಒಮ್ಮೆ ಕೇಳಿದ್ದೆ.

"ಜಗಲಿ ಮೇಲೆ ಕಾಲು ಚಾಚ್ಕೊಂಡು ಕೂತ್ಕೋತೀನಿ. ಅಮ್ಮ ತಲೆ ಬಾಚ್ಲಿ."

"ಅಷ್ಟೇನಾ?"

"ಅಷ್ಟೇ ಅಕ್ಕ."

ನೆಲ ಒರೆಸುತ್ತಿದ್ದ ಅವತ್ತೇ ಮಧ್ಯಾಹ್ನ ಸಾಹೇಬರ ಕೋಣೆಗೆ ಟೀ ತೆಗೆದುಕೊಂಡು ಹೋಗುವ ಪಾಳಿ ನನ್ನದಾಗಿತ್ತು. ಒಳಗೆ ಕೊಕ್ಕರೆ ಇದ್ದಳು. ಸಾಹೇಬರು ಕೂರು ಎಂದಿದ್ದರಿಂದ ಕುರ್ಚಿಯ ತುದಿಯಲ್ಲಿ, ಬೀಳುತ್ತಾಳೇನೋ ಅನ್ನುವಂತೆ ಕೂತಿದ್ದಳು. ಬೀಗದಕೈ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಅಷ್ಟರಲ್ಲಿ ಬಾಗಿಲು ತೆರೆಯಿತು. ಮೊದಲು ಅತ್ತರಿನ ವಾಸನೆ ಬಂತು, ಹಿಂದೆಯೇ ಮೇಡಂ.

ಕೊಕ್ಕರೆ ಎದ್ದಳು. ಯಾರೂ ಏಳು ಅನ್ನಲಿಲ್ಲ, ದೇವರಾಣೆ. ತಾನು ಕೂತಿದ್ದ ಕುರ್ಚಿಯನ್ನು ಅಂಗೈಯಿಂದ ಒರೆಸಿ ಮೇಡಂಗೆ ಸರಿಸಿದಳು. ಅವಳ ಕೈಯಲ್ಲಿದ್ದ ಬ್ಯಾಗು ಇಸಿದುಕೊಂಡು ಎದೆಗವಚಿ ಗೋಡೆಗೆ ಹೋಗಿ ನಿಂತಳು. ತೊಡೆ ಸುಟ್ಟವಳಿಗೆ ಇವಳು ಕುರ್ಚಿ ಕೊಟ್ಟಳಲ್ಲಪ್ಪಾ ಎಂದು ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಸಾಹೇಬರು ಗೊಳ್ಳೆಂದು ನಕ್ಕರು. "ನೋಡಿದ್ರಾ? ಎಷ್ಟು ಪ್ರೀತಿ! ಇದಕ್ಕೆ ಹೋಗಿ ಮೇಡಂ ಮೇಲೆ ಕೇಸು ಗೀಸು ಅಂತೀರಲ್ಲ."

ಮೇಡಂ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಬೀಗದಕೈ ಅದನ್ನು ನಮ್ಮ ಭಾಷೆಗೆ ತಂದ. "ನೀನು ಓಡ್ಹೋದಾಗ ಬಳೆ ಕದ್ದೆ ಅಂತ ಪೊಲೀಸಿಗೆ ಬರೆದುಕೊಟ್ಟಿದ್ದಾರೆ. ವಾಪಸು ಕೆಲಸಕ್ಕೆ ಬಂದ್ರೆ ಅದನ್ನ ತೆಗಿಸ್ತಾರೆ. ಇಲ್ಲಾಂದ್ರೆ ಜೈಲು."

"ನಾನು ಬಳೆ..." ಎಂದಳು ಕೊಕ್ಕರೆ.

"ಹೋಗ್ತೀಯಲ್ಲಮ್ಮ?" ಎಂದರು ಸಾಹೇಬರು. ನಾಳೆ ದೊಡ್ಡವರು ಬರುವುದರೊಳಗೆ ಕೋಣೆಯಿಂದ ಎಷ್ಟು ಹೆಂಗಸರು ಖಾಲಿಯಾದರೆ ಅವರಿಗೆ ಅಷ್ಟು ಒಳ್ಳೆಯ ಹೆಸರು. ಕೊಕ್ಕರೆ ಮೇಡಂ ಮುಖ ನೋಡಿ ತಲೆ ಆಡಿಸಿದಳು. ಬಾವಿಗೆ ಬೀಳ್ತೀಯಾ ಅಂತ ಆ ಹೆಂಗಸು ಕೇಳಿದ್ದರೂ ಹಾಗೇ ಆಡಿಸುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. "ಸಾರ್, ಅವಳ ತೊಡೆ ಒಂದ್ಸಲ ನೋಡ್ಸಿ ಸಾರ್. ಯಾರಾದ್ರೂ ಡಾಕ್ಟ್ರಮ್ಮನ್ನ ಕರೆಸಿ ನೋಡ್ಸಿ."

"ಟೀ ಇಟ್ಟಾಯ್ತಲ್ಲ? ನಡಿಯಮ್ಮ," ಎಂದರು ಸಾಹೇಬರು.

ಬೀಗದಕೈ ನನ್ನ ರಟ್ಟೆ ಹಿಡಿದು ಹೊರಗೆ ದಬ್ಬಿದ. "ಸಾಹೇಬರ ಮುಂದೆ ತೊಡೆ ತೋರಿಸ್ಬೇಕಂತೆ! ಥೂ, ನಾಚ್ಕೆಗೆಟ್ಟವೇ. ಅದಕ್ಕೇ ಹೋದಹೋದ ಮನೇಲೆಲ್ಲ ಏಟು ತಿಂತೀರ."

ಹೊರಗಿನ ಪಡಸಾಲೆಯ ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಮೇಡಂ ಕಾರು ನಿಂತಿತ್ತು. ಕೊಕ್ಕರೆ ಬ್ಯಾಗು ಹೊತ್ತು ಅವಳ ಹಿಂದೆ ನಡೆದಳು, ಕಾರಿನ ಬಾಗಿಲು ತೆರೆದು ಅವಳನ್ನು ಹತ್ತಿಸಿ, ಆಮೇಲೆ ಮುಂದಿನ ಸೀಟಿಗೆ ಹತ್ತಿದಳು. ಹಳಿಯ ಮೇಲೆ ಜಾರುವ ಆ ದೊಡ್ಡ ಗೇಟು ಗರಗರ ಎಂದು ತೆರೆದುಕೊಳ್ಳತೊಡಗಿತು.

ಟ್ರೇ ಎಲ್ಲಿ ಎಸೆದೆನೋ ನೆನಪಿಲ್ಲ. ಆಗ ತಾನೇ ನಾವೇ ತೊಳೆದ ಮೆಟ್ಟಿಲಿನ ಮೇಲೆ ಜಾರಿ, ಎದ್ದು, ಓಡಿದೆ. ಕಾರು ಇನ್ನೇನು ಗೇಟು ದಾಟಬೇಕು, ಹೋಗಿ ಹಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಎದುರಿಗೆ ಕಾರಿನ ಮೂತಿ, ಬೆನ್ನ ಹಿಂದೆ ಆ ದೇಶದ ರಸ್ತೆ.

ಡ್ರೈವರ್ ಹಾರನ್ ಒತ್ತಿದ. ಕೂತೇ ಇದ್ದೆ. ಬೀಗದಕೈ ಓಡಿಬಂದ.

"ಎದ್ದೇಳೇ ಬೋಳಿ! ಹುಚ್ಚು ಹಿಡೀತೇನೇ?"

"ಹೂಂ, ಹಿಡೀತು. ಮುಟ್ಟಿ ನೋಡು ಬೋಳೀಮಗನೆ."

"ನಿನ್ನ ಫೈಲು ಕಸಕ್ಕೆ ಹೋಗುತ್ತೆ."

"ಹಾಕ್ಕೋ. ನಾಳೆ ಬರೋ ದೊಡ್ಡವ್ರಿಗೆ ಕಸದ ಬುಟ್ಟೀನೂ ತೋರ್ಸು."

ಅವನು ನನ್ನ ಜಡೆಗೆ ಕೈ ಹಾಕಿದ. ಅಷ್ಟರಲ್ಲಿ ಮೆಟ್ಟಿಲು ತೊಳೆಯುತ್ತಿದ್ದವರು ಬಕೆಟ್ಟು ಬಿಟ್ಟು ಬಂದರು. ಅಡುಗೆಮನೆಯವರು ಈರುಳ್ಳಿ ನೀರು ಸುರಿಯುವ ಕಣ್ಣಲ್ಲೇ ಬಂದರು. ಒಬ್ಬೊಬ್ಬರಾಗಿ ನನ್ನ ಪಕ್ಕ ಹಳಿಯುದ್ದಕ್ಕೂ ಕೂತರು. ಯಾರೂ ಘೋಷಣೆ ಕೂಗಲಿಲ್ಲ, ಕೂಗಲು ನಮಗೆ ಬರುವುದೂ ಇಲ್ಲ. ಬೀಗದಕೈ ಜಡೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ರಸ್ತೆಯಲ್ಲಿ ಜನ ನಿಂತರು, ಮೊಬೈಲು ಎತ್ತಿದರು. ಸಾಹೇಬರು ಏದುಸಿರು ಬಿಡುತ್ತಾ ಬಂದರು. "ಎದ್ದೇಳಿ ಎಲ್ಲರೂ! ದೇಶದ ಮರ್ಯಾದೆ ಪ್ರಶ್ನೆ ಇದು. ಬೀದೀಲಿ ಕೂರ್ತಾರೇನ್ರಮ್ಮ?"

"ಬೀದಿ ಆಚೆ ಇದೆ ಸಾರ್," ಎಂದೆ. "ದೇಶ ಈಚೆ ಇದೆ. ನಾವು ಬಾಗಿಲಲ್ಲಿ ಕೂತಿದ್ದೀವಿ. ಬಾಗಿಲು ತೊಳೆದೋರು ನಾವೇ ತಾನೆ?"

ಮೇಡಂ ಕಾರಿನಿಂದ ಇಳಿದು ಡ್ರೈವರ್ ಮೇಲೆ ಕಿರುಚಾಡತೊಡಗಿದಳು. ಅವಳು ಇಳಿದಳೆಂದು ಕೊಕ್ಕರೆಯೂ ಬ್ಯಾಗು ಅವಚಿಕೊಂಡು ಇಳಿದಳು. ಅಲ್ಲಿಂದ ನನ್ನನ್ನು ನೋಡಿದಳು. ಮೆಲ್ಲಗೆ ನಡೆದು ಹತ್ತಿರ ಬಂದು ನಿಂತಳು.

"ಬಾರೇ, ಕೂತ್ಕೊ."

"ಅಕ್ಕ, ಮೇಡಮ್ಮೋರು ನಿಂತಿದ್ದಾರೆ."

"ಅದಕ್ಕೇ ಕೂತ್ಕೊಳ್ಳೆ!"

ಮೇಡಂ ಬಂದು ಅವಳೆದುರು ಕೈ ಚಾಚಿದಳು. ಬ್ಯಾಗು ಕೊಡು ಎಂದಳು, ಆ ಮಾತು ಆ ಭಾಷೆಯಲ್ಲಿ ನಮಗೆಲ್ಲರಿಗೂ ಗೊತ್ತು. ಕೊಕ್ಕರೆ ಆ ಕೈ ನೋಡಿದಳು, ಬ್ಯಾಗು ನೋಡಿದಳು. ಕೊಟ್ಟೇಬಿಟ್ಟಳು ಅಂದುಕೊಂಡೆ. ಅವಳು ಬಗ್ಗಿ ಬ್ಯಾಗನ್ನು ಒದ್ದೆ ನೆಲದ ಮೇಲಿಟ್ಟಳು, ಅಭ್ಯಾಸಬಲದಿಂದ ಅದರ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು. ಆಮೇಲೆ ಮಣೆಯ ಮೇಲೆ ಕೂರುವ ಹಾಗೆ ಅದರ ಮೇಲೆ ಕೂತಳು. ಒಳಗೆ ಕನ್ನಡಿಯೋ ಏನೋ ಲಟ್ ಎಂದು ಒಡೆಯಿತು.

ಮೇಡಂ ಬಾಯಿ ತೆರೆದೇ ಇತ್ತು. ಕೊಕ್ಕರೆ ಎರಡೂ ಕಾಲನ್ನು ಅವಳ ಕಡೆಗೇ ನೀಳವಾಗಿ ಚಾಚಿದಳು.

ರಸ್ತೆಯ ತುದಿಯಲ್ಲಿ ಪೊಲೀಸ್ ವಾಹನದ ಸದ್ದು ಕೇಳಿಸಿತು. ಸಾಹೇಬರು ಫೋನಿಗೆ ಕಿರುಚುತ್ತಿದ್ದರು. ಬೀಗದಕೈ ಸೊಂಟದ ಗೊಂಚಲು ಬಿಚ್ಚಿ ಗಲಗಲ ಆಡಿಸಿದ. ಕೊಕ್ಕರೆ ಏಳಲಿಲ್ಲ. ನನಗೆ ಬೆನ್ನು ಮಾಡಿ ಜಡೆ ಬಿಚ್ಚಿಕೊಂಡಳು.

"ಅಕ್ಕ, ತಲೆ ಬಾಚ್ತೀಯಾ?"

"ಬಾಚಣಿಗೆ ಇಲ್ವಲ್ಲೇ."

"ಬೆರಳಲ್ಲೇ ಬಾಚು."

ವಾಹನ ನನ್ನ ಬೆನ್ನ ಹಿಂದೆ ಬಂದು ನಿಂತಿತು, ಬಾಗಿಲು ತೆರೆದ ಸದ್ದಾಯಿತು, ಬೂಟುಗಳು ಇಳಿದವು. ನಾನು ತಿರುಗಿ ನೋಡಲಿಲ್ಲ. ಅವಳ ಕೂದಲು ಸಿಕ್ಕುಗಟ್ಟಿತ್ತು, ಒಂದೊಂದೇ ಸಿಕ್ಕು ಬಿಡಿಸತೊಡಗಿದೆ. ನನಗೇನೂ ಅವಸರವಿರಲಿಲ್ಲ.